ಓದುಗರ ಪ್ರಶ್ನೆ: ವಿಕಿರಣ ಯಂತ್ರವನ್ನು ಪರೀಕ್ಷಿಸುವವರು ಯಾರು, ಪರೀಕ್ಷೆ ಹೇಗೆ?

ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯನ್ನು ಕುರಿತು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಡ್ಡಪರಿಣಾಮ, ಆಹಾರ, ಆಯಾಸ ಇವುಗಳ ಬಗ್ಗೆ ಇರುತ್ತವೆ. ಈ ಬಾರಿ ಅವನ್ನು ಬದಿಗಿಟ್ಟು, ಯಂತ್ರದಿಂದ ಹೊರಡುವ ಕಿರಣಪುಂಜ ಸರಿಯಾಗಿದೆ ಎಂಬ ಭರವಸೆ ಎಲ್ಲಿಂದ ಬರುತ್ತದೆ ಎಂದು ಕೇಳಿದ ಪತ್ರಗಳನ್ನಷ್ಟೇ ಆಯ್ದುಕೊಂಡಿದ್ದೇನೆ. ವೈದ್ಯಕೀಯ ಭೌತವಿಜ್ಞಾನವೇ ನನ್ನ ವೃತ್ತಿಯಾದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ನಮ್ಮ ತಂದೆಯವರನ್ನು ಪ್ರತಿದಿನ ವಿಕಿರಣ ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆ ಬೇಗ ಹೋದರೂ ಮೊದಲ ಅರ್ಧ ಗಂಟೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕೇಳಿದರೆ ‘ಯಂತ್ರ ಚೆಕ್ ಮಾಡುತ್ತಿದ್ದೇವೆ’ ಎನ್ನುತ್ತಾರೆ. ದಿನವೂ ಚೆಕ್ ಮಾಡಬೇಕಾದಷ್ಟು ಆ ಯಂತ್ರ ಕೆಟ್ಟಿರುತ್ತದೆಯೇ?

ಉತ್ತರ: ಯಂತ್ರ ಕೆಟ್ಟಿರುವುದರಿಂದ ಅಲ್ಲ, ಕೆಟ್ಟರೆ ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣದಿಂದ ದಿನವೂ ಪರೀಕ್ಷೆ ನಡೆಯುತ್ತದೆ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೈಗೆ ತಾಗಿದಾಗ ಬಿಸಿಯೂ ಅನ್ನಿಸುವುದಿಲ್ಲ. ಚಿಕಿತ್ಸೆಯಲ್ಲಿ ಒಂದು ದಿನಕ್ಕೆ ಸಾಮಾನ್ಯವಾಗಿ ಕೊಡುವ ಪ್ರಮಾಣ 2 ಗ್ರೇ; ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ಅಂಗಾಂಶದಲ್ಲಿ ಒಂದು ಜೌಲ್ ಶಕ್ತಿ ಹೀರಲ್ಪಟ್ಟ ಲೆಕ್ಕ. ಅಷ್ಟು ಶಕ್ತಿ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಕೂಡ ಏರಿಸದು. ಹಾಗಾಗಿ ಪ್ರಮಾಣ ಹತ್ತು ಪ್ರತಿಶತ ಹೆಚ್ಚಾದರೂ, ಕಡಿಮೆಯಾದರೂ ಮಲಗಿರುವ ರೋಗಿಗಾಗಲಿ ಹೊರಗೆ ಪರದೆ ನೋಡುತ್ತಿರುವ ತಂತ್ರಜ್ಞರಿಗಾಗಲಿ ಆ ಕ್ಷಣದಲ್ಲಿ ತಿಳಿಯುವ ಸಾಧ್ಯತೆಯೇ ಇಲ್ಲ. ತಿಳಿಯುವುದು ವಾರಗಳ ನಂತರ ಚರ್ಮದ ಮೇಲೆ, ಅಥವಾ ವರ್ಷಗಳ ನಂತರ ಗಡ್ಡೆ ಮರಳಿದಾಗ. ಅಷ್ಟು ತಡವಾಗಿ ತಿಳಿದರೆ ಪ್ರಯೋಜನವಿಲ್ಲವಾದ್ದರಿಂದ ಪ್ರತಿದಿನ ಮೊದಲ ರೋಗಿಗಿಂತ ಮುಂಚೆ ಅಳತೆಯ ಉಪಕರಣವೊಂದು ಆ ಮಂಚದ ಮೇಲೆ ಮಲಗುತ್ತದೆ.

ಆ ಅರ್ಧ ಗಂಟೆಯಲ್ಲಿ ನಡೆಯುವುದು ಇಷ್ಟು. ರಾತ್ರಿಯಿಡೀ ಸುಮ್ಮನಿದ್ದ ಲೀನಿಯರ್ ಆಕ್ಸಲರೇಟರನ್ನು, ಅಂದರೆ ಆಸ್ಪತ್ರೆಗಳಲ್ಲಿ ಲಿನ್ಯಾಕ್ ಎಂದು ಕರೆಯುವ ಯಂತ್ರವನ್ನು, ಕೆಲವು ನಿಮಿಷ ಚಾಲೂ ಮಾಡಿ ಹದಕ್ಕೆ ತರುತ್ತಾರೆ. ಆಮೇಲೆ ಪತ್ತೆಕಾರಕಗಳನ್ನು, ಅಂದರೆ ಬಿದ್ದ ವಿಕಿರಣವನ್ನು ಅಳೆಯುವ ಪುಟ್ಟ ಸಾಧನಗಳನ್ನು, ಹುದುಗಿಸಿದ ಚಪ್ಪಟೆ ಪೆಟ್ಟಿಗೆಯೊಂದನ್ನು ಮಂಚದ ಮೇಲಿಟ್ಟು, ಚಿಕಿತ್ಸೆಗೆ ಬಳಸುವ ಪ್ರತಿಯೊಂದು ಶಕ್ತಿಮಟ್ಟದಲ್ಲಿಯೂ ನಿಗದಿತ ಪ್ರಮಾಣದ ಕಿರಣವನ್ನು ಹಾಯಿಸುತ್ತಾರೆ. ಬಂದ ಓದು ಮೂಲ ಓದಿಗಿಂತ ಶೇಕಡಾ 3ಕ್ಕಿಂತ ಹೆಚ್ಚು ಸರಿದಿರಬಾರದು. ಕಿರಣಪುಂಜ ನಡುವಿನಿಂದ ಅಂಚಿನವರೆಗೆ ಸಮನಾಗಿದೆಯೇ, ಎಡಬಲಗಳಲ್ಲಿ ವಾಲಿದೆಯೇ ಎಂಬುದನ್ನೂ ಅದೇ ಪೆಟ್ಟಿಗೆ ಹೇಳಿಬಿಡುತ್ತದೆ. ಗೋಡೆಗಳಿಂದ ಬರುವ ಲೇಸರ್ ಗೆರೆಗಳು ಯಂತ್ರದ ಕೇಂದ್ರಬಿಂದುವಿನಲ್ಲಿ ಸೇರುತ್ತವೆಯೇ ಎಂದು ನೋಡುತ್ತಾರೆ. ಇಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ವ್ಯತ್ಯಾಸಕ್ಕಷ್ಟೇ ಅವಕಾಶ, ಮೆದುಳಿನ ಸಣ್ಣ ಗಡ್ಡೆಗಳಿಗೆ ಮಾಡುವ ಸೂಕ್ಷ್ಮ ಚಿಕಿತ್ಸೆಯಾದರೆ ಒಂದೇ ಮಿಲಿಮೀಟರ್. ದೂರ ತೋರಿಸುವ ಬೆಳಕಿನ ಅಳತೆಪಟ್ಟಿ, ರೋಗಿಯ ಸ್ಥಾನ ನೋಡಲು ಬಳಸುವ ಎಕ್ಸ್-ರೇ ಚಿತ್ರಣ ವ್ಯವಸ್ಥೆ, ಕೊಠಡಿಯ ಕ್ಯಾಮೆರಾ ಮತ್ತು ಮೈಕು, ಬಾಗಿಲು ತೆರೆದೊಡನೆ ಕಿರಣ ನಿಲ್ಲುವ ಕಟ್ಟುಪಾಡು, ಇವೆಲ್ಲದರ ಸರದಿ ಆ ಬಳಿಕ. ಕೊನೆಯದನ್ನು ಪರೀಕ್ಷಿಸುವಾಗ ಕಿರಣ ಚಾಲೂ ಇರುವಂತೆಯೇ ಬಾಗಿಲು ತೆಗೆಯುವುದರಿಂದ ಹೊರಗೆ ಕಾಯುವವರಿಗೆ ಒಮ್ಮೊಮ್ಮೆ ಗಾಬರಿಯಾಗುವುದುಂಟು. ಅದು ಬೇಕೆಂದೇ ಮಾಡುವ ಪರೀಕ್ಷೆ.

ಪ್ರಶ್ನೆ: ಯಂತ್ರದ ಪರದೆಯ ಮೇಲೆಯೇ ‘200 ಯೂನಿಟ್ ಕೊಡಲಾಗಿದೆ’ ಎಂದು ಬರುತ್ತದೆಯಲ್ಲ. ಅಷ್ಟು ದುಬಾರಿಯ, ಕಂಪ್ಯೂಟರಿನಿಂದ ನಡೆಯುವ ಯಂತ್ರ ತಾನೇ ಹೇಳುವುದನ್ನು ಮತ್ತೆ ಬೇರೆ ಉಪಕರಣದಿಂದ ಅಳೆಯುವುದು ಏಕೆ? (ಎಂಜಿನಿಯರಿಂಗ್ ಓದುತ್ತಿರುವ ಓದುಗರು)

ಉತ್ತರ: ತಕ್ಕಡಿ ಸರಿಯೋ ತಪ್ಪೋ ಎಂಬುದನ್ನು ಅದೇ ತಕ್ಕಡಿಯನ್ನು ಕೇಳಿ ತಿಳಿಯಲಾಗದು ಎಂಬುದೇ ಇದರ ಸಂಕ್ಷಿಪ್ತ ಉತ್ತರ. ಆದರೆ ತಾವು ಎಂಜಿನಿಯರಿಂಗ್ ವಿದ್ಯಾರ್ಥಿಯಾದ್ದರಿಂದ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲಿನ್ಯಾಕ್‌ನಲ್ಲಿ ಇಲೆಕ್ಟ್ರಾನುಗಳನ್ನು ಸುಮಾರು 3 ಗಿಗಾಹರ್ಟ್ಸ್ ಆವರ್ತನದ ಮೈಕ್ರೊವೇವ್ ಅಲೆಗಳಿಂದ ವೇಗವರ್ಧಿಸಿ ಟಂಗ್‌ಸ್ಟನ್‌ನಂತಹ ಭಾರಲೋಹದ ಗುರಿಗೆ ಬಡಿಸುತ್ತಾರೆ. ಆ ಬಡಿತದಿಂದ ಹುಟ್ಟುವ ಎಕ್ಸ್-ಕಿರಣಗಳು ನಡುವೆ ದಟ್ಟವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುವುದರಿಂದ, ಶಂಕುವಿನಾಕಾರದ ಲೋಹದ ಶೋಧಕವೊಂದು ಅವನ್ನು ಸಮತಟ್ಟು ಮಾಡುತ್ತದೆ. ಅದರ ಕೆಳಗೆ ಎರಡು ತೆಳುವಾದ ಅಯಾನ್ ಚೇಂಬರುಗಳಿರುತ್ತವೆ. ಕಿರಣ ಹಾದಾಗ ಅವುಗಳಲ್ಲಿ ಉಂಟಾಗುವ ವಿದ್ಯುದಾವೇಶವನ್ನು ಎಣಿಸುವುದೇ ಪರದೆಯ ಮೇಲೆ ತಾವು ಕಂಡ ‘ಯೂನಿಟ್’, ಪೂರ್ಣ ಹೆಸರು ಮಾನಿಟರ್ ಯೂನಿಟ್. ಎಣಿಕೆ 200 ಮುಟ್ಟಿದೊಡನೆ ಮೊದಲ ಚೇಂಬರ್ ಕಿರಣವನ್ನು ನಿಲ್ಲಿಸುತ್ತದೆ. ಅದು ಕೈಕೊಟ್ಟರೆ ಎರಡನೆಯದು ನಿಲ್ಲಿಸುತ್ತದೆ. ಎರಡೂ ಕೈಕೊಟ್ಟರೆ ಸಮಯದ ಮಿತಿಯೊಂದು ಇದ್ದೇ ಇದೆ.

ಇಲ್ಲಿ ಗಮನಿಸಬೇಕಾದ್ದು, ಮಾನಿಟರ್ ಯೂನಿಟ್ ಎಂಬುದು ಎಣಿಕೆಯೇ ಹೊರತು ಪ್ರಮಾಣವಲ್ಲ. ನಿರ್ದಿಷ್ಟ ದೂರದಲ್ಲಿ, 10 ಸೆಂಟಿಮೀಟರ್ ಚೌಕದ ಕಿಂಡಿಯಲ್ಲಿ, ನೀರಿನ ನಿರ್ದಿಷ್ಟ ಆಳದಲ್ಲಿ, ಒಂದು ಯೂನಿಟ್ಟಿಗೆ ಒಂದು ಗ್ರೇಯ ನೂರನೇ ಒಂದು ಭಾಗ ಸಿಗಬೇಕೆಂದು ನಾವು ಹೊರಗಿನಿಂದ ಅಳೆದು ಹೊಂದಿಸಿರುತ್ತೇವೆ. ಆ ಹೊಂದಾಣಿಕೆ ಸರಿದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ಎಂದಿನಂತೆ 200 ಎಣಿಸಿ, ಎಂದಿನಂತೆ ನಿಂತು, ಎಲ್ಲವೂ ಸರಿಯಾಗಿದೆ ಎಂದೇ ತೋರಿಸುತ್ತದೆ. ಸರಿಯುವುದಕ್ಕೆ ಕಾರಣಗಳೂ ಇವೆ. ಒಳಗಿನ ಚೇಂಬರುಗಳನ್ನು ಹೊರಗಿನ ಗಾಳಿಯ ಒತ್ತಡ ತಾಗದಂತೆ ಮುಚ್ಚಿ ಬೆಸೆದಿರುವ ಯಂತ್ರಗಳಲ್ಲಿ ಆ ಬೆಸುಗೆ ಸೋರತೊಡಗಿದರೆ ಅವುಗಳ ಎಣಿಕೆ ಹವಾಮಾನದ ಜೊತೆ ಏರಿಳಿಯಲು ತೊಡಗುತ್ತದೆ. ಇಲೆಕ್ಟ್ರಾನುಗಳ ದಾರಿಯನ್ನು ಬಾಗಿಸುವ ಆಯಸ್ಕಾಂತದ ವಿದ್ಯುತ್ತು ಅಲುಗಿದರೆ ಕಿರಣದ ಶಕ್ತಿ ಅಥವಾ ಸಮತೋಲನ ಬದಲಾಗುತ್ತದೆ.

ಹೊರಗಿನಿಂದ ಅಳೆಯುವುದು ಹೇಗೆಂದರೆ, ಮಂಚದ ಮೇಲೆ ನೀರಿನ ತೊಟ್ಟಿಯೊಂದನ್ನು ಇಡುತ್ತೇವೆ. ಮನುಷ್ಯದೇಹದ ಬಹುಭಾಗ ನೀರೇ ಆದ್ದರಿಂದ, ಮತ್ತು ನೀರು ಎಲ್ಲೆಡೆ ಒಂದೇ ಗುಣದ್ದಾದ್ದರಿಂದ, ಜಗತ್ತಿನಾದ್ಯಂತ ಪ್ರಮಾಣದ ಅಳತೆ ನೀರಿನಲ್ಲಿಯೇ ನಡೆಯುತ್ತದೆ. 10 ಸೆಂಟಿಮೀಟರ್ ಆಳದಲ್ಲಿ ಬೆರಳಿಗಿಂತ ಸಣ್ಣದಾದ ಅಯಾನ್ ಚೇಂಬರನ್ನು ನಿಲ್ಲಿಸುತ್ತೇವೆ. ಬಹಳ ಕಡೆ ಬಳಕೆಯಲ್ಲಿರುವುದು 1955ರಲ್ಲಿ ಫಾರ್ಮರ್ ಎಂಬ ಭೌತವಿಜ್ಞಾನಿ ರೂಪಿಸಿದ ಮಾದರಿಯ ಇಂದಿನ ರೂಪ. ಅದರೊಳಗಿರುವ ಗಾಳಿ ಸುಮಾರು 0.6 ಘನ ಸೆಂಟಿಮೀಟರ್. ಒಂದು ಗ್ರೇ ಪ್ರಮಾಣಕ್ಕೆ ಅದರಿಂದ ಬರುವ ವಿದ್ಯುದಾವೇಶ ಸುಮಾರು 20 ನ್ಯಾನೊಕೂಲಂಬ್, ಅಂದರೆ ತೀರಾ ಅಲ್ಪ. ಅದನ್ನು ಎಣಿಸಲು ಇಲೆಕ್ಟ್ರೊಮೀಟರ್ ಎಂಬ ಸೂಕ್ಷ್ಮಮಾಪಕ ಬೇಕು. ಈ ಚೇಂಬರನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾನಕ ಪ್ರಯೋಗಾಲಯಕ್ಕೆ ಕಳುಹಿಸಿ ಅಂಶಾಂಕನ, ಅಂದರೆ ಅಲ್ಲಿನ ಉಪಕರಣದೊಡನೆ ಹೋಲಿಸಿ ಓದಿನ ಹೊಂದಾಣಿಕೆ, ಮಾಡಿಸಬೇಕು. ಆ ಪ್ರಯೋಗಾಲಯದ ಉಪಕರಣವನ್ನು ಅದಕ್ಕೂ ಮೇಲಿನ ರಾಷ್ಟ್ರೀಯ ಪ್ರಯೋಗಾಲಯದ ಮಾನಕದೊಡನೆ ಹೋಲಿಸಿರುತ್ತಾರೆ. ಅಲ್ಲಿ ಒಂದು ಗ್ರೇಗೆ ನೀರಿನಲ್ಲಿ ಆಗುವ 0.00024 ಡಿಗ್ರಿಯ ಉಷ್ಣತೆಯ ಏರಿಕೆಯನ್ನೇ ನೇರವಾಗಿ ಅಳೆಯುವ ಕ್ಯಾಲೊರಿಮೀಟರುಗಳು ಕೆಲಸ ಮಾಡುತ್ತವೆ. ಆಸ್ಪತ್ರೆಯ ತೊಟ್ಟಿಯಿಂದ ಆ ಕ್ಯಾಲೊರಿಮೀಟರಿನವರೆಗಿನ ಸರಪಳಿಯ ಒಂದು ಕೊಂಡಿ ತುಂಡಾದರೂ ಪರದೆಯ ಮೇಲಿನ 200 ಎಂಬ ಅಂಕಿಗೆ ಬೆಲೆಯಿಲ್ಲ.

ಈ ಅಳತೆಯಲ್ಲಿ ಎಡವುವುದು ಎಷ್ಟು ಸುಲಭವೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಚೇಂಬರ್ ಹೊರಗಿನ ಗಾಳಿಗೆ ತೆರೆದಿರುವುದರಿಂದ ಅದರೊಳಗಿನ ಗಾಳಿಯ ತೂಕ ಆ ದಿನದ ಉಷ್ಣತೆ ಮತ್ತು ಒತ್ತಡವನ್ನು ಅನುಸರಿಸುತ್ತದೆ. ಮೂರು ಡಿಗ್ರಿ ವ್ಯತ್ಯಾಸಕ್ಕೆ ಓದು ಸುಮಾರು ಶೇಕಡಾ 1ರಷ್ಟು ಬದಲಾಗುತ್ತದೆ. ಒತ್ತಡ 10 ಹೆಕ್ಟೊಪಾಸ್ಕಲ್ ಬದಲಾದರೂ ಅಷ್ಟೇ. ಆದ್ದರಿಂದ ಎರಡನ್ನೂ ಅಳೆದು ಓದನ್ನು ತಿದ್ದಬೇಕು. ಈಗ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಆಸ್ಪತ್ರೆಯೊಂದು ಇದೆಯೆಂದಿಟ್ಟುಕೊಳ್ಳಿ. ಅಲ್ಲಿನ ನಿಜವಾದ ಒತ್ತಡ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಶೇಕಡಾ 10ರಷ್ಟು ಕಡಿಮೆ. ಆದರೆ ಹವಾಮಾನ ವರದಿಗಳು ಕೊಡುವ ಒತ್ತಡ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ಕೊಠಡಿಯ ವಾಯುಭಾರಮಾಪಕ ಕೆಟ್ಟಿದೆಯೆಂದು ಯಾರಾದರೂ ಆ ವರದಿಯ ಅಂಕಿಯನ್ನು ಸೂತ್ರದಲ್ಲಿ ತುಂಬಿದರೆ, ಪ್ರಮಾಣ ಶೇಕಡಾ 10ರಷ್ಟು ಕಡಿಮೆಯಿದೆ ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಯಂತ್ರವನ್ನು ಅಷ್ಟು ಏರಿಸಿದರೆ ಆ ದಿನದಿಂದ ಪ್ರತಿಯೊಬ್ಬ ರೋಗಿಗೂ ಹತ್ತು ಪ್ರತಿಶತ ಹೆಚ್ಚು ವಿಕಿರಣ. ಯಂತ್ರದಲ್ಲಿ ದೋಷವಿಲ್ಲ, ಸೂತ್ರದಲ್ಲಿ ದೋಷವಿಲ್ಲ, ಚೇಂಬರಿನಲ್ಲಿ ದೋಷವಿಲ್ಲ. ಆದರೂ ಫಲ ತಪ್ಪು. ಇದೇ ಕಾರಣಕ್ಕೆ ಒಬ್ಬರು ಮಾಡಿದ ಅಳತೆಯನ್ನು ಇನ್ನೊಬ್ಬರು, ಸಾಧ್ಯವಾದರೆ ಬೇರೆ ಚೇಂಬರು ಮತ್ತು ಬೇರೆ ಇಲೆಕ್ಟ್ರೊಮೀಟರಿನಿಂದ, ಮೊದಲಿನವರ ಲೆಕ್ಕದ ಹಾಳೆಯನ್ನು ನೋಡದೆ ಮತ್ತೆ ಮಾಡಬೇಕೆಂದು ನಾವು ಹಟ ಹಿಡಿಯುತ್ತೇವೆ.

ಪ್ರಶ್ನೆ: ಶೇಕಡಾ 2, ಶೇಕಡಾ 3 ವ್ಯತ್ಯಾಸ ಇರಬಹುದು ಎನ್ನುತ್ತಾರೆ. ಪ್ರಾಣದ ವಿಷಯದಲ್ಲಿ ಅಷ್ಟು ತಪ್ಪಿಗೂ ಏಕೆ ಅವಕಾಶ ಕೊಡಬೇಕು?

ಉತ್ತರ: ಶೂನ್ಯ ದೋಷದ ಅಳತೆ ಎಂಬುದು ಭೌತವಿಜ್ಞಾನದಲ್ಲಿ ಇಲ್ಲ. ಪ್ರಯೋಗಾಲಯದಿಂದ ಬಂದ ಅಂಶಾಂಕನವನ್ನೇ ಹಿಡಿದು ಎಲ್ಲ ಎಚ್ಚರಿಕೆಯಿಂದ ನೀರಿನಲ್ಲಿ ಅಳೆದರೂ ಸುಮಾರು ಶೇಕಡಾ 1.5ರ ಅನಿಶ್ಚಿತತೆ ಉಳಿಯುತ್ತದೆ. ಅದಕ್ಕಿಂತ ಬಿಗಿಯಾದ ಮಿತಿಯನ್ನು ಕಾಗದದಲ್ಲಿ ಬರೆದುಕೊಂಡರೆ ನಮ್ಮ ಸಮಾಧಾನವೇ ಹೊರತು ರೋಗಿಗೆ ಲಾಭವಿಲ್ಲ.

ಮಿತಿ ಬಂದದ್ದು ರೋಗಿಯ ಕಡೆಯಿಂದ. ವಿಕಿರಣದ ಅಳತೆ ಮತ್ತು ಏಕಮಾನಗಳ ಅಂತರರಾಷ್ಟ್ರೀಯ ಆಯೋಗ 1976ರಲ್ಲಿಯೇ, ಗಡ್ಡೆಗೆ ತಲುಪುವ ಒಟ್ಟು ಪ್ರಮಾಣ ಉದ್ದೇಶಿತ ಪ್ರಮಾಣದ ಶೇಕಡಾ 5ರೊಳಗೆ ಇರಬೇಕೆಂದು ಹೇಳಿತು. ಪ್ರಮಾಣ ಸ್ವಲ್ಪ ತಗ್ಗಿದರೆ ಗಡ್ಡೆ ಹತೋಟಿಗೆ ಬರುವ ಸಂಭವ ಬೇಗನೆ ಕುಸಿಯುತ್ತದೆ, ಸ್ವಲ್ಪ ಹೆಚ್ಚಿದರೆ ಪಕ್ಕದ ಆರೋಗ್ಯಕರ ಅಂಗಕ್ಕೆ ಆಗುವ ಹಾನಿಯೂ ಅಷ್ಟೇ ಬೇಗನೆ ಏರುತ್ತದೆ. ಎರಡು ರೇಖೆಗಳ ನಡುವಿನ ಈ ಇಕ್ಕಟ್ಟಿನಲ್ಲಿಯೇ ವಿಕಿರಣ ಚಿಕಿತ್ಸೆ ನಡೆಯಬೇಕು. ಆ ಶೇಕಡಾ 5ನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬುದು ಮುಖ್ಯ. ಸಿ.ಟಿ. ಚಿತ್ರದಿಂದ ಅಂಗಾಂಶದ ಸಾಂದ್ರತೆಯನ್ನು ಅಂದಾಜಿಸುವಲ್ಲಿ ಸ್ವಲ್ಪ, ಕಂಪ್ಯೂಟರ್ ಲೆಕ್ಕದಲ್ಲಿ ಸ್ವಲ್ಪ, ರೋಗಿಯನ್ನು ಮಲಗಿಸುವಲ್ಲಿ ಸ್ವಲ್ಪ, ಉಸಿರಾಟದಿಂದ ಅಂಗ ಅಲುಗುವುದರಲ್ಲಿ ಸ್ವಲ್ಪ ಹೀಗೆ ಖರ್ಚಾಗಿಬಿಡುತ್ತದೆ. ಯಂತ್ರದ ಪಾಲಿಗೆ ಉಳಿಯುವುದು ಅಲ್ಪ. ಅದಕ್ಕೇ ದಿನದ ಶೀಘ್ರ ಪರೀಕ್ಷೆಗೆ ಶೇಕಡಾ 3, ತಿಂಗಳಿಗೊಮ್ಮೆ ಹೆಚ್ಚು ನಿಖರವಾದ ಉಪಕರಣದಿಂದ ಮಾಡುವ ಪರೀಕ್ಷೆಗೆ ಶೇಕಡಾ 2, ವರ್ಷಕ್ಕೊಮ್ಮೆ ನೀರಿನ ತೊಟ್ಟಿಯಲ್ಲಿ ಪೂರ್ಣವಾಗಿ ನಡೆಸುವ ಅಂಶಾಂಕನಕ್ಕೆ ಶೇಕಡಾ 1 ಎಂದು ಮಿತಿಗಳು ಬಿಗಿಯಾಗುತ್ತ ಹೋಗುತ್ತವೆ.

ಇಲ್ಲಿ ನನ್ನದೊಂದು ಅಭಿಪ್ರಾಯ. ಮಿತಿಯೊಳಗೆ ಇರುವುದಕ್ಕಿಂತ ಯಾವ ಕಡೆಗೆ ಸಾಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. ಒಂದು ದಿನ ಶೇಕಡಾ 2 ಹೆಚ್ಚು, ಮರುದಿನ ಶೇಕಡಾ 1 ಕಡಿಮೆ ಎಂದು ತೂಗಾಡುವ ಯಂತ್ರದಿಂದ ಮೂವತ್ತು ದಿನ ಚಿಕಿತ್ಸೆ ಪಡೆದ ರೋಗಿಗೆ ಒಟ್ಟಿನಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಪ್ರತಿ ವಾರ ಕಾಲು ಪ್ರತಿಶತ ಒಂದೇ ದಿಕ್ಕಿಗೆ ಸರಿಯುವ ಯಂತ್ರ ದಿನದ ಪರೀಕ್ಷೆಯಲ್ಲಿ ಬಹುಕಾಲ ‘ಪಾಸ್’ ಆಗುತ್ತಲೇ ಇರುತ್ತದೆ. ಹಸಿರು ಗುರುತನ್ನು ಮಾತ್ರ ನೋಡಿ ಸಹಿ ಹಾಕುವವರಿಗಿಂತ, ಮೂರು ತಿಂಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಚುಕ್ಕಿಯಿಟ್ಟು ನೋಡುವವರು ಇರುವ ವಿಭಾಗವನ್ನು ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಪರೀಕ್ಷೆಗಳಿದ್ದೂ ದೊಡ್ಡ ಅನಾಹುತಗಳು ನಡೆದಿವೆ ಎಂದು ಓದಿದ್ದೇನೆ. ನಿಜವೇ? ಓದಿದ ಮೇಲೆ ಚಿಕಿತ್ಸೆಗೆ ಹೋಗಲು ಭಯವಾಗುತ್ತಿದೆ.

ಉತ್ತರ: ನಿಜ. ಮುಚ್ಚಿಡುವುದರಿಂದ ಭಯ ಕಡಿಮೆಯಾಗುವುದಿಲ್ಲವಾದ್ದರಿಂದ ಕೆಲವನ್ನು ಹೇಳುತ್ತೇನೆ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ 1974ರಿಂದ 1976ರವರೆಗೆ, ವಿಕಿರಣಶೀಲ ಕೋಬಾಲ್ಟನ್ನೇ ಕಿರಣದ ಆಕರವಾಗಿ ಬಳಸುವ ಕೋಬಾಲ್ಟ್ ಯಂತ್ರವೊಂದರ ಪ್ರಮಾಣದರವನ್ನು ಅಳೆಯದೆ, ನಕ್ಷೆಯ ಮೇಲೆ ಎಳೆದ ತಪ್ಪು ರೇಖೆಯೊಂದರಿಂದ ಅಂದಾಜಿಸುತ್ತ ಹೋದರು. ಕೋಬಾಲ್ಟ್ ನಿಜವಾಗಿ ಕ್ಷೀಣಿಸುವುದಕ್ಕಿಂತ ವೇಗವಾಗಿ ಕ್ಷೀಣಿಸುತ್ತಿದೆ ಎಂದು ಆ ರೇಖೆ ತೋರಿಸುತ್ತಿದ್ದುದರಿಂದ, ಚಿಕಿತ್ಸೆಯ ಸಮಯವನ್ನು ತಿಂಗಳಿಂದ ತಿಂಗಳಿಗೆ ಅಗತ್ಯಕ್ಕಿಂತ ಹೆಚ್ಚಿಸಲಾಯಿತು. 426 ರೋಗಿಗಳು ಅಧಿಕ ಪ್ರಮಾಣ ಪಡೆದರು. ತಪ್ಪು ಶೇಕಡಾ 10ರಿಂದ ತೊಡಗಿ ಶೇಕಡಾ 40ನ್ನು ಮೀರಿತು. ಬ್ರಿಟನ್ನಿನ ಎಕ್ಸೆಟರ್‌ನಲ್ಲಿ 1988ರಲ್ಲಿ ಹೊಸ ಕೋಬಾಲ್ಟ್ ಆಕರದ ಅಂಶಾಂಕನದಲ್ಲಿ ಆದ ತಪ್ಪಿನಿಂದ 207 ರೋಗಿಗಳಿಗೆ ಶೇಕಡಾ 25 ಹೆಚ್ಚು ಬಿತ್ತು. ಕೋಸ್ಟರಿಕಾದ ಸಾನ್ ಹೋಸೆಯಲ್ಲಿ 1996ರಲ್ಲಿ ನಡೆದದ್ದನ್ನು ನಮ್ಮ ವೃತ್ತಿಗೆ ಬರುವ ಪ್ರತಿಯೊಬ್ಬರಿಗೂ ಹೇಳಿಕೊಡುತ್ತಾರೆ. ಹೊಸ ಆಕರವನ್ನು ಅಳೆಯುವಾಗ ಸಮಯಮಾಪಕದ 0.3 ನಿಮಿಷವನ್ನು 30 ಸೆಕೆಂಡ್ ಎಂದು ತಿಳಿದರು, 0.3 ನಿಮಿಷ ಎಂದರೆ 18 ಸೆಕೆಂಡ್. ಅಳೆದ ಪ್ರಮಾಣವನ್ನು 30ರಿಂದ ಭಾಗಿಸಿದ್ದರಿಂದ ಆಕರ ನಿಜಕ್ಕಿಂತ ಬಹಳ ದುರ್ಬಲವೆಂದು ಲೆಕ್ಕ ಬಂತು, ಚಿಕಿತ್ಸೆಯ ಸಮಯವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿದರು, 115 ರೋಗಿಗಳು ಶೇಕಡಾ 50ರಿಂದ 60ರಷ್ಟು ಅಧಿಕ ವಿಕಿರಣ ಪಡೆದರು. ಹಲವರು ಅದರ ಪರಿಣಾಮದಿಂದಲೇ ಸತ್ತರು.

ಕಡಿಮೆ ಪ್ರಮಾಣದ ಅನಾಹುತಗಳು ಸುದ್ದಿಯಾಗುವುದು ಅಪರೂಪ, ಆದರೆ ಅವು ಇನ್ನೂ ಹೆಚ್ಚು ಕಾಲ ಅಡಗಿರುತ್ತವೆ. ಇಂಗ್ಲೆಂಡಿನ ನಾರ್ತ್ ಸ್ಟ್ಯಾಫರ್ಡ್‌ಶೈರ್‌ನಲ್ಲಿ 1982ರಿಂದ 1991ರವರೆಗೆ ಸುಮಾರು ಸಾವಿರ ರೋಗಿಗಳಿಗೆ ಶೇಕಡಾ 5ರಿಂದ 30ರಷ್ಟು ಕಡಿಮೆ ವಿಕಿರಣ ಸಿಕ್ಕಿತ್ತು. ದೂರಕ್ಕೆ ಸಂಬಂಧಿಸಿದ ತಿದ್ದುಪಡಿಯನ್ನು ಹೊಸ ಕಂಪ್ಯೂಟರ್ ತಾನೇ ಮಾಡುತ್ತಿತ್ತು; ಅದು ತಿಳಿಯದೆ ಸಿಬ್ಬಂದಿ ಕೈಯಿಂದಲೂ ಅದೇ ತಿದ್ದುಪಡಿಯನ್ನು ಮಾಡುತ್ತಿದ್ದರು. ಯಾರಿಗೂ ಚರ್ಮ ಸುಡಲಿಲ್ಲ, ಯಾರೂ ದೂರಲಿಲ್ಲ, ಆದ್ದರಿಂದ ಒಂಬತ್ತು ವರ್ಷ ಹಿಡಿಯಿತು.

ಈ ನಾಲ್ಕರಲ್ಲಿಯೂ ಯಂತ್ರ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಒಬ್ಬರ ಅಳತೆ ಅಥವಾ ಊಹೆಯನ್ನು ಬೇರೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಿರಲಿಲ್ಲ. ಆ ಕೊರತೆಯನ್ನು ತುಂಬಲು ಇರುವ ವ್ಯವಸ್ಥೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯದು ಅಂಚೆಯ ಮೂಲಕ ನಡೆಯುವ ತಪಾಸಣೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ 1969ರಿಂದ ಇದನ್ನು ನಡೆಸುತ್ತಿವೆ. ತಾನು ಪಡೆದ ವಿಕಿರಣದ ಗುರುತನ್ನು ಹಿಡಿದಿಟ್ಟುಕೊಳ್ಳುವ ಲೀಥಿಯಂ ಫ್ಲೋರೈಡ್ ಪುಡಿಯನ್ನು ಪುಟ್ಟ ಕೊಳವೆಯಲ್ಲಿ ತುಂಬಿ ಆಸ್ಪತ್ರೆಗೆ ಕಳುಹಿಸುತ್ತಿದ್ದರು. 2017ರಿಂದ ಪುಡಿಯ ಬದಲು ವಿಶೇಷ ಗಾಜಿನ ಕಡ್ಡಿಗಳು ಬಂದಿವೆ. ಆಸ್ಪತ್ರೆಯವರು ಅದನ್ನು ನೀರಿನಲ್ಲಿ ಮುಳುಗಿಸಿ, ತಮ್ಮ ಲೆಕ್ಕದ ಪ್ರಕಾರ 2 ಗ್ರೇ ಕೊಟ್ಟು ಹಿಂದಿರುಗಿಸಬೇಕು. ಆಸ್ಟ್ರಿಯಾದ ಸೈಬರ್ಸ್‌ಡಾರ್ಫ್‌ನಲ್ಲಿರುವ ಪ್ರಯೋಗಾಲಯ ಅದು ನಿಜವಾಗಿ ಪಡೆದದ್ದು ಎಷ್ಟೆಂದು ಓದಿ ಹೇಳುತ್ತದೆ. ವ್ಯತ್ಯಾಸ ಶೇಕಡಾ 5ಕ್ಕಿಂತ ಹೆಚ್ಚಾದರೆ ಆಸ್ಪತ್ರೆಯನ್ನು ಸಂಪರ್ಕಿಸಿ ಕಾರಣ ಹುಡುಕುವವರೆಗೆ ಬಿಡುವುದಿಲ್ಲ. ಯಂತ್ರ, ಆ ಯಂತ್ರವನ್ನು ಅಳೆಯುವ ಚೇಂಬರ್, ಆ ಚೇಂಬರಿನ ಲೆಕ್ಕ ಬರೆಯುವ ಮನುಷ್ಯ ಈ ಮೂರನ್ನೂ ಒಂದೇ ಏಟಿಗೆ, ಅವರಾರ ಮಾತನ್ನೂ ಕೇಳದೆ ಪರೀಕ್ಷಿಸುವ ಉಪಾಯ ಇದು. ಕೊಲಂಬಸ್, ಎಕ್ಸೆಟರ್, ಸಾನ್ ಹೋಸೆಯಂತಹ ತಪ್ಪುಗಳನ್ನು ಇಂತಹದೊಂದು ಕಡ್ಡಿ ಹಿಡಿದುಬಿಡುತ್ತಿತ್ತು. ಭಯದಿಂದ ಚಿಕಿತ್ಸೆಯನ್ನು ಬಿಡುವುದು ಮಾತ್ರ ಬೇಡ; ಚಿಕಿತ್ಸೆ ಪಡೆಯದ ಕ್ಯಾನ್ಸರಿನ ಅಪಾಯಕ್ಕೂ ಈ ಅಪರೂಪದ ಅಪಾಯಗಳಿಗೂ ಹೋಲಿಕೆಯೇ ಇಲ್ಲ.

ಪ್ರಶ್ನೆ: ಕೋಬಾಲ್ಟ್ ಯಂತ್ರದಲ್ಲಿ ಇಲೆಕ್ಟ್ರಾನಿಕ್ ಭಾಗಗಳು ಕಡಿಮೆಯಲ್ಲವೇ? ಅದಕ್ಕೆ ಪರೀಕ್ಷೆ ಅಷ್ಟಾಗಿ ಬೇಡವೇನೋ.

ಉತ್ತರ: ಪರೀಕ್ಷೆಯ ಬಗೆ ಬೇರೆ, ಅಗತ್ಯ ಅಷ್ಟೇ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಅಂದರೆ ಅದರ ಬಲ ತಿಂಗಳಿಗೆ ಸುಮಾರು ಶೇಕಡಾ 1ರಂತೆ ಕುಗ್ಗುತ್ತದೆ ಮತ್ತು ಚಿಕಿತ್ಸೆಯ ಸಮಯವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸುತ್ತ ಹೋಗಬೇಕು. ಆಕರ ಮರೆಯ ಸ್ಥಳದಿಂದ ಕಿಂಡಿಯ ಮುಂದೆ ಬರಲು ತೆಗೆದುಕೊಳ್ಳುವ ಅಲ್ಪ ಸಮಯವೂ ಲೆಕ್ಕಕ್ಕೆ ಸೇರಬೇಕು. ಜೊತೆಗೆ ಲಿನ್ಯಾಕ್‌ನ ಗುಂಡಿ ಒತ್ತಿದರೆ ಕಿರಣ ನಿಂತೇಬಿಡುತ್ತದೆ, ಕೋಬಾಲ್ಟ್ ಎಂದೂ ನಿಲ್ಲುವುದಿಲ್ಲ. ಆಕರ ನಡುದಾರಿಯಲ್ಲಿ ಸಿಕ್ಕಿಕೊಂಡರೆ ರೋಗಿಯನ್ನು ಹೊರತರುವುದು ಹೇಗೆಂಬ ಅಭ್ಯಾಸವೂ ಅಲ್ಲಿ ಗುಣಮಟ್ಟ ಖಾತರಿಯ ಭಾಗವೇ.

ಪ್ರಶ್ನೆ: ನನ್ನ ಚಿಕಿತ್ಸೆಯ ಪ್ಲ್ಯಾನ್ ಸಿದ್ಧವಾಗಿದೆ ಎಂದು ಹೇಳಿ, ಆಮೇಲೆ ‘ಪ್ಲ್ಯಾನ್ ಕ್ಯೂಎ (ಗುಣಮಟ್ಟ ಖಾತರಿ) ಆಗಬೇಕು’ ಎಂದು ಒಂದು ದಿನ ತಡಮಾಡಿದರು. ಯಂತ್ರ ದಿನವೂ ಪರೀಕ್ಷೆಯಲ್ಲಿ ಪಾಸಾಗಿದ್ದರೆ ನನ್ನ ಪ್ಲ್ಯಾನಿಗೆ ಮತ್ತೇಕೆ ಪ್ರತ್ಯೇಕ ಪರೀಕ್ಷೆ?

ಉತ್ತರ: ತಮ್ಮದು ಬಹುಶಃ ಐಎಂಆರ್‌ಟಿ ಅಥವಾ ವಿಮ್ಯಾಟ್ ಬಗೆಯ ಚಿಕಿತ್ಸೆ ಇರಬೇಕು. ಅದರಲ್ಲಿ ಕಿರಣದ ದಾರಿಗೆ ಅಡ್ಡವಾಗಿ ಟಂಗ್‌ಸ್ಟನ್ನಿನ ಹತ್ತಾರು ತೆಳುಪಟ್ಟಿಗಳು ಎರಡೂ ಕಡೆಯಿಂದ ಸರಿದಾಡುತ್ತವೆ. ಗಡ್ಡೆಯ ಮಟ್ಟದಲ್ಲಿ ಒಂದೊಂದರ ನೆರಳಿನ ಅಗಲ ಸಾಮಾನ್ಯವಾಗಿ 5 ಅಥವಾ 10 ಮಿಲಿಮೀಟರ್. ಕಿರಣ ಚಾಲೂ ಇರುವಾಗಲೇ ಇವು ಚಲಿಸಿ, ಗಡ್ಡೆಯ ಮೇಲೆ ಹೆಚ್ಚು, ಪಕ್ಕದ ಬೆನ್ನುಹುರಿಯಂತಹ ಭಾಗಗಳ ಮೇಲೆ ಕಡಿಮೆ ಬೀಳುವಂತೆ ಪ್ರಮಾಣವನ್ನು ಕೆತ್ತುತ್ತವೆ. ಎದುರುಬದುರು ಪಟ್ಟಿಗಳ ನಡುವಿನ ಕಂಡಿ 10 ಮಿಲಿಮೀಟರ್ ಇರಬೇಕಾದಲ್ಲಿ 11 ಆದರೆ ಆ ಜಾಗಕ್ಕೆ ಬೀಳುವ ಪ್ರಮಾಣ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಏರುತ್ತದೆ. ಬೆಳಗಿನ ಪೆಟ್ಟಿಗೆಯ ಪರೀಕ್ಷೆ ಸರಳ ಚೌಕದ ಕಿಂಡಿಯಲ್ಲಿ ನಡೆಯುವುದರಿಂದ ಇದು ಅದರ ಕಣ್ಣಿಗೆ ಬೀಳದು. ಪಟ್ಟಿಗಳ ಸ್ಥಾನಕ್ಕೇ ಬೇಲಿಯ ಗೂಟಗಳಂತೆ ಸಾಲುಗೆರೆ ಮೂಡಿಸುವ ಪರೀಕ್ಷೆಯೊಂದಿದೆ, ಅದನ್ನು ನಿಯತವಾಗಿ ಮಾಡುತ್ತೇವೆ. ಆದರೂ ತಮ್ಮ ಪ್ಲ್ಯಾನಿನಲ್ಲಿರುವ ನಿರ್ದಿಷ್ಟ ಚಲನೆಗಳನ್ನು ಈ ಯಂತ್ರ ನಡೆಸಬಲ್ಲದೇ, ಕಂಪ್ಯೂಟರ್ ಲೆಕ್ಕಹಾಕಿದ ಪ್ರಮಾಣ ನಿಜವಾಗಿಯೂ ಬೀಳುತ್ತದೆಯೇ ಎಂಬುದಕ್ಕೆ ಬೇರೆ ಪುರಾವೆ ಬೇಕು.

ಅದಕ್ಕಾಗಿ ತಮ್ಮ ಪ್ಲ್ಯಾನನ್ನು ತಾವಿಲ್ಲದೆ, ನೂರಾರು ಪುಟ್ಟ ಪತ್ತೆಕಾರಕಗಳಿರುವ ಫ್ಯಾಂಟಮ್ ಒಂದರ, ಅಂದರೆ ರೋಗಿಯ ದೇಹದ ಬದಲಿಗೆ ಇಡುವ ಮಾದರಿಯ, ಮೇಲೆ ಪೂರ್ತಿಯಾಗಿ ನಡೆಸಿ ನೋಡುತ್ತಾರೆ. ಲೆಕ್ಕ ಮತ್ತು ಅಳತೆ ಪ್ರತಿ ಬಿಂದುವಿನಲ್ಲಿ ಪ್ರಮಾಣದಲ್ಲಿ ಶೇಕಡಾ 3, ದೂರದಲ್ಲಿ 2 ಮಿಲಿಮೀಟರ್ ಅಳತೆಗೋಲಿನೊಳಗೆ ಹೊಂದುತ್ತವೆಯೇ ಎಂದು ಗ್ಯಾಮಾ ಸೂಚ್ಯಂಕ ಎಂಬ ಗಣಿತದಿಂದ ಹೋಲಿಸುತ್ತಾರೆ. ಶೇಕಡಾ 95 ಬಿಂದುಗಳಾದರೂ ಹೊಂದಬೇಕೆಂಬುದು ಸಾಮಾನ್ಯ ನಿರೀಕ್ಷೆ. ಶೇಕಡಾ 97 ಬಂದಿತೆಂದು ಸಂತೋಷಪಡುವವರಿಗೆ, ಹೊಂದದ ಆ ಶೇಕಡಾ 3 ಬಿಂದುಗಳು ಎಲ್ಲಿವೆ ಎಂದು ನೋಡಿ ಎಂದು ಹೇಳುವುದು ನನ್ನ ರೂಢಿ. ಅವು ಅಲ್ಲಲ್ಲಿ ಚದುರಿದ್ದರೆ ಚಿಂತೆಯಿಲ್ಲ, ಎಲ್ಲವೂ ಬೆನ್ನುಹುರಿಯ ಅಂಚಿನಲ್ಲಿ ಗುಂಪುಗೂಡಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಒಂದು ದಿನ ತಡವಾದದ್ದು ತಮ್ಮ ಒಳಿತಿಗೇ ಆಗಿದೆ.

ಪ್ರಶ್ನೆ: ನನ್ನ ಚಿಕಿತ್ಸೆಯ ನಡುವೆ ಯಂತ್ರ ಕೆಟ್ಟು ಎರಡು ದಿನ ನಿಂತಿತು. ಎಂಜಿನಿಯರ್ ಬಂದು ಸರಿಮಾಡಿ ಹೋದ ಮೇಲೂ ಸಂಜೆಯವರೆಗೆ ಕಾಯಿಸಿದರು. ಸರಿಯಾಯಿತು ಎಂದ ಮೇಲೆ ಮತ್ತೇನು ಕೆಲಸ?

ಉತ್ತರ: ಎಂಜಿನಿಯರಿಗೆ ಯಂತ್ರ ಓಡಿದರೆ ಸರಿಯಾದಂತೆ, ಭೌತವಿಜ್ಞಾನಿಗೆ ಕಿರಣ ಹಿಂದಿನಂತೆಯೇ ಇದೆಯೆಂದು ಅಳೆದ ಮೇಲೆ ಸರಿಯಾದಂತೆ. ಈ ಎರಡರ ನಡುವಿನ ಅಂತರಕ್ಕೆ ಸ್ಪೇನಿನ ಜ಼ಾರಗೋಜ಼ಾದಲ್ಲಿ ಬೆಲೆ ತೆತ್ತದ್ದಿದೆ. ಅಲ್ಲಿ 1990ರ ಡಿಸೆಂಬರಿನಲ್ಲಿ ಆಕ್ಸಲರೇಟರ್ ಒಂದನ್ನು ದುರಸ್ತಿ ಮಾಡಿದ ಮೇಲೆ, ಯಾವ ಶಕ್ತಿಮಟ್ಟವನ್ನು ಆಯ್ದರೂ ಫಲಕದ ಮುಳ್ಳು 36 ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್ ಎಂದೇ ತೋರಿಸತೊಡಗಿತು. ಮುಳ್ಳು ಸಿಕ್ಕಿಕೊಂಡಿದೆ ಎಂದು ತಿಳಿದು ಚಿಕಿತ್ಸೆ ಮುಂದುವರಿಸಿದರು. ಸಿಕ್ಕಿಕೊಂಡಿರಲಿಲ್ಲ, ಕಿರಣ ನಿಜವಾಗಿಯೂ ಆ ಶಕ್ತಿಯಲ್ಲೇ ಬರುತ್ತಿತ್ತು. 27 ರೋಗಿಗಳು ಅದಕ್ಕೆ ಗುರಿಯಾದರು, ಅನೇಕರು ಸತ್ತರು. ದುರಸ್ತಿಯ ಬಳಿಕ ಅಳತೆಯಿಲ್ಲದೆ ರೋಗಿಯನ್ನು ಒಳಗೆ ಕರೆಯಬಾರದು ಎಂಬ ನಿಯಮಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಯಾವ ಭಾಗವನ್ನು ಬದಲಿಸಿದರು ಎಂಬುದರ ಮೇಲೆ ಪರೀಕ್ಷೆ ನಿರ್ಧಾರವಾಗುತ್ತದೆ. ಮಂಚದ ಮೋಟಾರು ಬದಲಾದರೆ ಮಂಚದ ಚಲನೆಯನ್ನೂ ಕೇಂದ್ರಬಿಂದುವನ್ನೂ ನೋಡಿದರೆ ಸಾಕು. ಮೈಕ್ರೊವೇವ್ ಉತ್ಪಾದಿಸುವ ಮ್ಯಾಗ್ನೆಟ್ರಾನ್ ಬದಲಾದರೆ ಕಿರಣದ ಶಕ್ತಿಯನ್ನು ಮತ್ತೆ ಅಳೆಯಬೇಕು. 6 ಮೆಗಾವೋಲ್ಟ್ ಎಕ್ಸ್-ಕಿರಣವಾದರೆ ನೀರಿನಲ್ಲಿ ಒಂದೂವರೆ ಸೆಂಟಿಮೀಟರ್ ಆಳದಲ್ಲಿರುವ ಗರಿಷ್ಠ ಪ್ರಮಾಣದ ಮೂರನೇ ಎರಡು ಭಾಗದಷ್ಟು 10 ಸೆಂಟಿಮೀಟರ್ ಆಳದಲ್ಲಿ ಸಿಗಬೇಕು, ಅದು ಬದಲಾಗಿದ್ದರೆ ಶಕ್ತಿ ಬದಲಾಗಿದೆ ಎಂದರ್ಥ. ಒಳಗಿನ ಮಾನಿಟರ್ ಚೇಂಬರನ್ನೇ ಬದಲಿಸಿದರೆ ನೀರಿನ ತೊಟ್ಟಿ ತರಲೇಬೇಕು, ಸಂಜೆ ದಾಟಿದರೂ ಆಶ್ಚರ್ಯವಿಲ್ಲ. ತಪ್ಪಿದ ಎರಡು ದಿನಗಳ ವಿಚಾರ ವೈದ್ಯರದು. ಕೆಲವು ಬಗೆಯ ಗಡ್ಡೆಗಳಲ್ಲಿ ಅಂತರ ಬೀಳುವುದು ಒಳ್ಳೆಯದಲ್ಲವಾದ್ದರಿಂದ ಅದನ್ನು ಸರಿದೂಗಿಸುವ ಕ್ರಮಗಳಿವೆ, ತಮ್ಮ ವೈದ್ಯರನ್ನು ನೇರವಾಗಿ ಕೇಳಿ.

ಪ್ರಶ್ನೆ: ಈ ಪರೀಕ್ಷೆಗಳ ಬಗ್ಗೆ ರೋಗಿಗಳು ಆಸ್ಪತ್ರೆಯಲ್ಲಿ ಕೇಳಬಹುದೇ? ಕೇಳಿದರೆ ತಪ್ಪು ತಿಳಿಯುವುದಿಲ್ಲವೇ?

ಉತ್ತರ: ಧಾರಾಳವಾಗಿ ಕೇಳಿ. ಇಲ್ಲಿ ವೈದ್ಯಕೀಯ ಭೌತವಿಜ್ಞಾನಿ ಯಾರು, ಯಂತ್ರದ ಪ್ರಮಾಣವನ್ನು ಹೊರಗಿನ ಸಂಸ್ಥೆಯಿಂದ ಕೊನೆಯ ಬಾರಿ ತಪಾಸಣೆ ಮಾಡಿಸಿದ್ದು ಯಾವಾಗ, ನನ್ನ ಪ್ಲ್ಯಾನನ್ನು ಎರಡನೆಯವರು ಪರಿಶೀಲಿಸಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಒಳ್ಳೆಯ ವಿಭಾಗದಲ್ಲಿ ಕೂಡಲೇ ಉತ್ತರ ಸಿಗುತ್ತದೆ. ಸಿಡುಕಿದರೆ ಅದೂ ಒಂದು ಬಗೆಯ ಉತ್ತರವೇ.

ಹಾಗೆಯೇ ನಮ್ಮ ಯಾವ ಉಪಕರಣವೂ ಕಾಣದ ಒಂದು ಸಂಗತಿ ತಮಗೆ ಮಾತ್ರ ಗೊತ್ತಾಗುತ್ತದೆ. ಕಿರಣಪುಂಜ ಮಿಲಿಮೀಟರಿನಷ್ಟು ನಿಖರವಾಗಿದ್ದರೂ, ತಲೆ ಕುತ್ತಿಗೆಯ ಚಿಕಿತ್ಸೆಯಲ್ಲಿ ತೂಕ ಇಳಿದು ಮುಖದ ಮಾಸ್ಕ್ ಸಡಿಲವಾಗಿದ್ದರೆ ಅಥವಾ ಊತದಿಂದ ಬಿಗಿಯಾಗಿದ್ದರೆ, ಚರ್ಮದ ಮೇಲಿನ ಗುರುತು ಅಳಿಸಿದ್ದರೆ, ಇಂದು ಮಲಗಿಸಿದ ರೀತಿ ನಿನ್ನೆಯಂತಿಲ್ಲ ಎಂದು ಅನ್ನಿಸಿದರೆ ಆ ನಿಖರತೆ ವ್ಯರ್ಥ. ಅದನ್ನು ತಂತ್ರಜ್ಞರಿಗೆ ತಿಳಿಸಬೇಕಾದ್ದು ಅವರು ಕೊಠಡಿಯಿಂದ ಹೊರಗೆ ಹೋಗುವ ಮೊದಲು. ಬಾಗಿಲು ಮುಚ್ಚಿದ ಮೇಲೆ ನೆನಪಾದರೆ ಕೈಯನ್ನೂ ತಲೆಯನ್ನೂ ಅಲುಗಿಸದೆ ಬಾಯಿಬಿಟ್ಟು ಕರೆಯಿರಿ. ಮಾಸ್ಕಿನಿಂದ ಮಾತನಾಡಲು ಆಗದವರು ಯಾವ ಸನ್ನೆ ಮಾಡಬೇಕೆಂದು ಮೊದಲ ದಿನವೇ ಕೇಳಿಟ್ಟುಕೊಂಡಿರಿ. ಒಳಗಿನ ಮೈಕು ಮತ್ತು ಕ್ಯಾಮೆರಾ ಅದಕ್ಕೆಂದೇ ಇವೆ, ಅವು ಕೆಲಸ ಮಾಡುತ್ತಿವೆಯೆಂದು ಆ ದಿನ ಬೆಳಗ್ಗೆಯೇ ಪರೀಕ್ಷಿಸಿರುತ್ತಾರೆ.